ಬೇಸ್ ಗಿಟಾರ್ ನುಡಿಸುವವರು ಶಾಸ್ತ್ರೀಯ ಸಂಗೀತ ಕಲಿಯಬೇಕಾ? ನನ್ನ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವೈಟ್‌ಫೀಲ್ಡ್‌ನಲ್ಲಿ ಕೆಲಸ, ಬಿಡುವಿನಲ್ಲಿ ಬ್ಯಾಂಡ್. ಟ್ಯಾಬ್ (ಯಾವ ತಂತಿ, ಎಷ್ಟನೇ ಫ್ರೆಟ್ ಅಂತ ಅಂಕಿಯಲ್ಲಿ ಬರೆದದ್ದು) ನೋಡಿ ಹಾಡು ನುಡಿಸುತ್ತೀರಿ. ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ. ಆದರೆ ಹೊಸ ಹಾಡಿಗೆ ಬೇಸ್‌ನಲ್ಲಿ ಸ್ವಂತ ಲೈನ್ ಕಟ್ಟಲು ಹೋದರೆ ರೂಟ್ ನೋಟ್ (ಕಾರ್ಡ್‌ಗೆ ಹೆಸರು ಕೊಡುವ ಮೂಲ ಸ್ವರ; ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಶಾಸ್ತ್ರೀಯ ಕಲಿತರೆ ಉಪಯೋಗ ಇದೆಯಾ, ಕರ್ನಾಟಕವೋ ಪಾಶ್ಚಾತ್ಯವೋ, ಬೇಸ್‌ನಲ್ಲೇ ಕಲಿಸುವವರು ಬೇಕಾ ಅಂತ ಕೇಳಿದ್ದೀರಿ.

ಉಪಯೋಗ ಖಂಡಿತ ಇದೆ. ಆದರೆ ಬೇಸ್ ಮೇಷ್ಟ್ರನ್ನು ಹುಡುಕಬೇಡಿ, ಕರ್ನಾಟಕ ಸಂಗೀತ ಹಾಡಲು ಕಲಿಸುವವರ ಹತ್ತಿರ ಹೋಗಿ. ನಮ್ಮಲ್ಲಿ ಜಾಸ್ತಿ ಜನರಿಗೆ ಸ್ವರ ಬೆರಳಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ಪ್ಯಾಟರ್ನ್ ಎಳೆದ ಕಡೆ ಕೈ ಹೋಗುತ್ತದೆ. ಹಾಡುವಾಗ ಹಿಡಿದುಕೊಳ್ಳೋಕೆ ಫ್ರೆಟ್ ಇರುವುದಿಲ್ಲ, ಅಲ್ವಾ? ಮುಂದಿನ ಸ್ವರ ಮೊದಲು ತಲೆಯಲ್ಲಿ ಬರಬೇಕು, ಆಮೇಲೆ ಬಾಯಲ್ಲಿ. ಲೈನ್ ಹುಟ್ಟುವುದು ಅಲ್ಲಿಂದ.

ಬೆಂಗಳೂರಿನಲ್ಲಿ ಪಾಠ ಹೇಳುವವರಿಗೆ ಬರ ಇಲ್ಲ. ಮಕ್ಕಳ ಜೊತೆ ಕೂತು ಸರಳೆ ವರಸೆ (ಮೊದಮೊದಲ ಸ್ವರಪಾಠ) ಹೇಳಬೇಕಾಗಬಹುದು, ನಾಚಿಕೆ ಬೇಡ. ಮೊದಲು ಹೇಳಿಕೊಡುವುದು ಮಾಯಾಮಾಳವಗೌಳ ರಾಗ. ಸಿ ಯಿಂದ ಶುರು ಮಾಡಿದರೆ ಸಿ, ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ. ಸ-ರಿ ನಡುವೆ ಒಂದೇ ಫ್ರೆಟ್, ರಿ-ಗ ನಡುವೆ ಮೂರು. ಮೇಜರ್ ಸ್ಕೇಲ್‌ಗೆ ಒಗ್ಗಿದ ಕೈಗೆ ಇದು ಇರಿಸುಮುರಿಸು, ಅದಕ್ಕೇ ಒಳ್ಳೆಯದು. ಪಾಠ ಹಾಡಿ ಬಾಯಿಗೆ ಬಂದ ಮೇಲೆ ಮನೆಯಲ್ಲಿ ಬೇಸ್ ಎತ್ತಿಕೊಳ್ಳಿ.

ಮೂರು ಕಾಲವನ್ನು, ಅಂದರೆ ಒಂದೇ ಪಾಠವನ್ನು ಮೂರು ವೇಗದಲ್ಲಿ ಹಾಡುವುದನ್ನು, ಮಾತ್ರ ತಪ್ಪಿಸಬೇಡಿ. ಮೆಟ್ರೊನೋಮ್ (ಲಯ ಹಿಡಿಯಲು ಟಿಕ್ ಟಿಕ್ ಅನ್ನುವ ಸಾಧನ) ನಿಮಿಷಕ್ಕೆ 60ಕ್ಕೆ ಇಡಿ. ಒಂದು ಬೀಟ್‌ಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಮೆಟ್ರೊನೋಮ್ ಮುಟ್ಟುವ ಹಾಗಿಲ್ಲ, ಕೈಯಲ್ಲಿ ಆದಿತಾಳ ನಡೆಯುತ್ತಿರಬೇಕು. ಬೇಸ್‌ನವರು ನಿಧಾನದ ಹಾಡಿನಲ್ಲಿ ಓಡುವುದು ಯಾಕೆ ಅಂದರೆ ಎರಡು ಬೀಟ್ ನಡುವಿನ ಜಾಗ ಒಳಗೆ ತುಂಬಿರುವುದಿಲ್ಲ. ಮೂರು ಕಾಲ ಆ ಜಾಗ ತುಂಬಿಸುತ್ತದೆ.

ಅದರ ಜೊತೆಗೆ ಕೊನ್ನಕ್ಕೋಲ್, ಅಂದರೆ ತಾಳದ ಲೆಕ್ಕವನ್ನು ಬಾಯಲ್ಲಿ ಅಕ್ಷರಗಳಾಗಿ ಹೇಳುವುದು. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ, ಐದಕ್ಕೆ ತಕತಕಿಟ. ಒಂದು ಬೀಟ್‌ಗೆ ನಾಲ್ಕು ಅಕ್ಷರದಂತೆ ನಾಲ್ಕು ಬೀಟ್‌ನ ಒಂದು ಬಾರ್‌ಗೆ 16. ಮೊದಲ ಅಕ್ಷರ ಬಿಟ್ಟು ತಕತಕಿಟ ಮೂರು ಸಲ ಹೇಳಿ. 1ಕ್ಕೆ 15 ಸೇರಿ 16 ಮುಗಿದು ಸರಿಯಾಗಿ ಮುಂದಿನ ಒಂದಕ್ಕೆ ಬಂದು ನಿಲ್ಲುತ್ತೀರಿ. ಡ್ರಮ್ಮರ್‌ಗೆ ಹೇಳದೆ ಸ್ಟೇಜ್ ಮೇಲೆ ಇದನ್ನು ಬಿಡಬೇಡಿ, ಜಗಳ ಆಗುತ್ತದೆ! ಕೊನ್ನಕ್ಕೋಲ್ ಅನ್ನು ಪಾಶ್ಚಾತ್ಯ ಸಂಗೀತಗಾರರ ಜೊತೆ ಹಂಚಿಕೊಂಡ ಪರಂಪರೆ ನಮ್ಮೂರಿನಲ್ಲೇ ಇದೆ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರು ಸ್ಯಾಕ್ಸೊಫೋನಿಸ್ಟ್ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ರೆಕಾರ್ಡ್ ಮಾಡಿದ 'ಜ್ಯೋತಿ' ಆಲ್ಬಮ್ ಹುಡುಕಿ ಕೇಳಿ.

ಪಾಶ್ಚಾತ್ಯದಿಂದ ತೆಗೆದುಕೊಳ್ಳಬೇಕಾದ್ದು ಬೇರೆ. ಕಾರ್ಡ್ ಕೆಳಗೆ ಯಾವ ಸ್ವರ ಇಡಬೇಕು ಅನ್ನುವ ತಿಳಿವಳಿಕೆ. ಬರೋಕ್ ಕಾಲದಲ್ಲಿ (ಯುರೋಪಿನಲ್ಲಿ ಸುಮಾರು 1600ರಿಂದ 1750) ಬೇಸ್ ಲೈನ್ ಬರೆದು ಅದರ ಜೊತೆ ಅಂಕಿ ಹಾಕುತ್ತಿದ್ದರು. ಕೀಬೋರ್ಡ್‌ನವರು ಅದನ್ನು ನೋಡಿ ಮೇಲಿನ ಕಾರ್ಡ್ ತುಂಬಿಸುತ್ತಿದ್ದರು. ಅಂದರೆ ಇಡೀ ತಂಡ ಬೇಸ್ ಮೇಲೆ ನಿಂತಿತ್ತು. ಇದನ್ನು ಇವತ್ತೇ ಬಳಸಿ: ಜಿ, ಡಿ, ಇ ಮೈನರ್ ಅಂತ ಕಾರ್ಡ್ ಬಂದಾಗ ಡಿ ಕಾರ್ಡ್‌ಗೆ ನೀವು ಡಿ ಬದಲು ಅದೇ ಕಾರ್ಡ್‌ನಲ್ಲಿರುವ ಎಫ್ ಶಾರ್ಪ್ ನುಡಿಸಿ. ಜಿ, ಎಫ್ ಶಾರ್ಪ್, ಇ ಅಂತ ಲೈನ್ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಕಾರ್ಡ್ ಬದಲಾಗಿಲ್ಲ, ಹಾಡು ಬದಲಾಯಿತು.

ಅಭ್ಯಾಸಕ್ಕೆ ಬಾಖ್ 1720ರ ಸುಮಾರಿಗೆ ಚೆಲ್ಲೊ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯಕ್ಕೆ ಬರೆದ ಆರು ಸೂಟ್‌ಗಳಿವೆ (ಸೂಟ್ ಅಂದರೆ ಹಲವು ತುಣುಕುಗಳ ಗುಚ್ಛ). ಮೊದಲನೆಯದರ ಪ್ರಿಲ್ಯೂಡ್‌ನ, ಅಂದರೆ ಶುರುವಿನ ತುಣುಕಿನ, ಮೊದಲ ನಾಲ್ಕು ಬಾರ್ ಸಾಕು. ಇ ತಂತಿಯ 3ನೇ ಫ್ರೆಟ್, ಖಾಲಿ ಡಿ ತಂತಿ, ಜಿ ತಂತಿಯ 4ನೇ ಫ್ರೆಟ್, ಹೀಗೆ ಶುರು. ಮೇಲಿನ ಸ್ವರಗಳು ಬಾರ್‌ಗೊಮ್ಮೆ ಬದಲಾಗುತ್ತವೆ, ಕೆಳಗಿನ ಜಿ ಮಾತ್ರ ಕದಲುವುದಿಲ್ಲ. ಮೂರನೇ ಬಾರ್‌ನಲ್ಲಿ ಆ ಜಿ ಗೂ ಮೇಲಿನ ಎಫ್ ಶಾರ್ಪ್‌ಗೂ ತಿಕ್ಕಾಟ, ನಾಲ್ಕನೇದರಲ್ಲಿ ಸಮಾಧಾನ. ಸುಮ್ನೆ ಒಂದೇ ಸ್ವರ ಹಿಡಿದು ನಿಂತರೂ ಬೇಸ್ ಎಷ್ಟು ಕೆಲಸ ಮಾಡುತ್ತದೆ ಅಂತ ಇಲ್ಲಿ ಕೇಳಿಸುತ್ತದೆ. ತಂಬೂರಿಯ ಷಡ್ಜವೂ ಅದೇ ಕೆಲಸ ಮಾಡುವುದು. ಮುಂದೆ ಹೋದ ಹಾಗೆ ಚೆಲ್ಲೊದ ಕೆಳಗಿನ ಸಿ, ಡಿ ನಾಲ್ಕು ತಂತಿಯ ಬೇಸ್‌ನಲ್ಲಿ ಸಿಗುವುದಿಲ್ಲ. ಅವನ್ನು ಒಂದು ಆಕ್ಟೇವ್ (ಒಂದು ಸ್ಥಾಯಿ) ಮೇಲೆ ನುಡಿಸಿ.

ತಂಬೂರಿ ಆ್ಯಪ್ ಅನ್ನು ಸಿ ಗೆ ಇಟ್ಟು ಇ ಸ್ವರ ಹಾಡಿ, ಆಮೇಲೆ ಬೇಸ್‌ನಲ್ಲಿ ನುಡಿಸಿ. ಸಿ ಷಡ್ಜವಾದರೆ ಇ ಗಾಂಧಾರ. ತಂಬೂರಿಗೆ ಪೂರ್ತಿ ಕೂಡುವ ಗಾಂಧಾರಕ್ಕಿಂತ ಫ್ರೆಟ್‌ನ ಇ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಫ್ರೆಟ್ ಅಂದರೆ 100 ಸೆಂಟ್. ಬ್ಯಾಂಡ್‌ನಲ್ಲಿ ಕೀಬೋರ್ಡ್ ಇರುವಾಗ ಫ್ರೆಟ್ ಹೇಳಿದಂತೆಯೇ ನುಡಿಸಬೇಕು, ಆ ಮಾತು ಬೇರೆ. ಈ ಅಭ್ಯಾಸ ಕಿವಿಗೆ. ಇಯರ್‌ಫೋನ್ ಹಾಕಿಕೊಳ್ಳಿ. ಖಾಲಿ ಇ ತಂತಿ ಸುಮಾರು 41 ಹರ್ಟ್ಸ್, ಫೋನಿನ ಸ್ಪೀಕರ್‌ನಲ್ಲಿ ಅದು ಬರುವುದೇ ಇಲ್ಲ.

ಗಮಕದ (ಸ್ವರವನ್ನು ಅಲುಗಾಡಿಸುವ, ಜಾರಿಸುವ ರೀತಿ) ಬಗ್ಗೆ ಇನ್ನೊಬ್ಬರು ಕೇಳಿದ್ದರು. ದಪ್ಪ ತಂತಿಯನ್ನು ಎಳೆದು ಎಲ್ಲ ಗಮಕ ತರೋಕೆ ಆಗುವುದಿಲ್ಲ, ಫ್ರೆಟ್ ಇಲ್ಲದ ಫ್ರೆಟ್‌ಲೆಸ್ ಬೇಸ್ ಆದರೆ ವಾಸಿ. ಬ್ಯಾಂಡ್‌ನಲ್ಲಿ ಹಾಡುವವರ ಕೆಳಗೆ ಗಮಕ ಹಾಕುವುದು ನನಗಂತೂ ಇಷ್ಟವಿಲ್ಲ. ಥಿಯರಿ ಕಲಿತರೆ ಫೀಲ್ ಹೋಗುತ್ತದೆ ಅಂದವರಿಗೆ ಉತ್ತರ ಚಿಕ್ಕದು: ಹೋಗಲ್ಲ.

ಕಛೇರಿ ಕೇಳಿ, ಅದು ಅರ್ಧ ಪಾಠ. ರಾಮನವಮಿ ಸಮಯದಲ್ಲಿ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ಕಛೇರಿಗಳಿಗೆ ಬನ್ನಿ. ವೈಟ್‌ಫೀಲ್ಡ್‌ನಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಿರಿ. ಕಾರು ತರಬೇಡಿ. ಮೃದಂಗದ ಎಡಗೈ ಕಾಣುವ ಕಡೆ ಕೂತುಕೊಳ್ಳಿ. ಎಡಭಾಗಕ್ಕೆ ರವೆ ಕಲಸಿ ಹಚ್ಚಿ ಧ್ವನಿ ಇಳಿಸಿರುತ್ತಾರೆ, ಆ ಕಛೇರಿಯ ಬೇಸ್ ಅದೇ. ಗಾಯಕರು ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ಮಾಡುವಾಗ ಆ ಎಡಗೈ ಎಲ್ಲಿ ಬರುತ್ತದೆ, ಎಲ್ಲಿ ಸುಮ್ಮನಿರುತ್ತದೆ ಅಂತ ಗಮನಿಸಿ. ಬ್ಯಾಂಡ್‌ನ ಮುಂದಿನ ರಿಹರ್ಸಲ್‌ನಲ್ಲಿ ಅದು ಸುಮ್ಮನಿದ್ದಂಥ ಜಾಗಗಳಲ್ಲಿ ನೀವೂ ನುಡಿಸದೆ ಬಿಟ್ಟು ನೋಡಿ, ಡ್ರಮ್ಮರ್ ಏನಂತಾರೆ ಇಲ್ಲಿ ಬರೆಯಿರಿ.