ಕೆಲಸ ಬಿಡದೆ ಎಂ.ಎ. ಮಾಡಬಹುದಾ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಕಾರ್ಯದರ್ಶಿ. ಬಿ.ಕಾಂ. ಆಗಿದೆ. ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಾಡುವ ಆಸೆ. ಮನೆ ಸೇರುವಾಗ ರಾತ್ರಿ ಏಳೂವರೆ, ಮಗಳಿಗೆ ನಾಲ್ಕು ವರ್ಷ. ಆಗುತ್ತಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಆಗುತ್ತೆ. ಎರಡೇ ವರ್ಷದಲ್ಲಿ ಮುಗಿಸಲೇಬೇಕು ಅನ್ನುವ ಹಟ ಮಾತ್ರ ಬೇಡ. ದೂರಶಿಕ್ಷಣ ಕೊಡುವ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ) ಯಾವ ಪದವಿ ಆಗಿದ್ದರೂ ಈ ಕೋರ್ಸಿಗೆ ಸೇರಬಹುದು, ಮುಗಿಸಲು 4 ವರ್ಷದವರೆಗೆ ಸಮಯ ಇದೆ, ಪರೀಕ್ಷೆ ಜೂನ್ ಮತ್ತು ಡಿಸೆಂಬರಲ್ಲಿ ನಡೆಯುವುದರಿಂದ ಒಮ್ಮೆಗೆ ಎರಡೋ ಮೂರೋ ಪೇಪರ್ ಬರೆದುಕೊಂಡು ಹೋದರೂ ಸಾಕು. ಅಸೈನ್‌ಮೆಂಟಿಗೆ ಶೇ 30 ಅಂಕ, ಅದನ್ನು ಕಡೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಕನ್ನಡದಲ್ಲೇ ಬರೆಯುವ ಇಷ್ಟ ಇದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಿ.

ಒಂದು ಮಾತು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾಯ್ದೆ ಅಂತ ಬೇರೆಯವರು ಬಾಯಿಪಾಠ ಮಾಡುವುದನ್ನು ನೀವು ಗ್ರಾಮಸಭೆಯ ನಡಾವಳಿ ಬರೆಯುತ್ತಾ ಕಣ್ಣಾರೆ ನೋಡಿದ್ದೀರಿ, ಅಲ್ವಾ? ಉತ್ತರದಲ್ಲಿ ಆ ಅನುಭವ ಬರಲಿ.

ಸೇರುವ ಮುಂಚೆ ಮೇಲಧಿಕಾರಿಯಿಂದ ಲಿಖಿತ ಅನುಮತಿ ತಗೊಳ್ಳಿ. ಸುಸ್ತಾದ ರಾತ್ರಿ ಸುಮ್ನೆ ಪುಸ್ತಕ ಹಿಡಿದು ಕೂರಬೇಡಿ. ಬೆಳಗ್ಗೆ ಮಗಳು ಏಳುವ ಮೊದಲು ಒಂದು ಗಂಟೆ ಓದಿ. ಪರೀಕ್ಷೆಗೆ ಅಂತ ಈಗಿನಿಂದಲೇ ಒಂದಿಷ್ಟು ರಜೆ ಉಳಿಸಿ.