ಕೇಳಿ, ಹೇಳುತ್ತೇವೆ: ಡಿಸ್ಕ್‌ನಲ್ಲಿ ಫೈಲ್ ಇದೆ, ಪರದೆ ಮಾತ್ರ ಕೆಂಪು

ಹೊನ್ನಾವರದ ಓದುಗರು: ಬೆಳಗಿನವರೆಗಿನ ಯಕ್ಷಗಾನದ ಆಟವೊಂದನ್ನು ಚಿತ್ರೀಕರಿಸಿ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿದ್ದೆ. ಪ್ರೀಮಿಯರ್ ಪ್ರೊದಲ್ಲಿ ಎರಡು ದಿನ ಎಡಿಟಿಂಗ್ ಸರಿಯಾಗಿಯೇ ನಡೆಯಿತು. ನಿನ್ನೆ ತೆರೆದರೆ ಎಲ್ಲ ಕ್ಲಿಪ್‌ಗಳೂ ಕೆಂಪು, ‘ಮೀಡಿಯಾ ಆಫ್‌ಲೈನ್’. ಡಿಸ್ಕ್ ತೆರೆದು ನೋಡಿದರೆ ಫೈಲ್‌ಗಳು ಇವೆ. ಫಾರ್ಮ್ಯಾಟ್ ಮಾಡಬೇಕೆ?

ಖಂಡಿತ ಬೇಡ. ಆ ಫೈಲ್‌ಗಳು ವಿಎಲ್‌ಸಿಯಲ್ಲಿ ಓಡುತ್ತಿದ್ದರೆ ಡಿಸ್ಕ್‌ಗೆ ಏನೂ ಆಗಿಲ್ಲ. ಪ್ರಾಜೆಕ್ಟ್ ಫೈಲ್‌ನೊಳಗೆ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆಯೆಂಬ ವಿಳಾಸ ಮಾತ್ರ ಇರುತ್ತದೆ. ಮೊನ್ನೆಯವರೆಗೆ ನಿಮ್ಮ ಡಿಸ್ಕ್‌ಗೆ ವಿಂಡೋಸ್ ಕೊಟ್ಟ ಅಕ್ಷರ ‘ಇ’ ಆಗಿತ್ತು ಎನ್ನೋಣ. ನಿನ್ನೆ ಅದಕ್ಕಿಂತ ಮೊದಲು ಪೆನ್‌ಡ್ರೈವ್ ಚುಚ್ಚಿದ್ದರೆ ‘ಇ’ ಅದರ ಪಾಲಾಗಿ, ಡಿಸ್ಕ್‌ಗೆ ‘ಎಫ್’ ಸಿಕ್ಕಿರುತ್ತದೆ. ಪ್ರೀಮಿಯರ್ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ನಿಮ್ಮ ಡಿಸ್ಕ್ ಮೇಲೆ ರೈಟ್ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’, ನಂತರ ‘ಚೇಂಜ್’. ಹಳೆಯ ಅಕ್ಷರವನ್ನೇ ಕೊಟ್ಟರೆ ಪ್ರಾಜೆಕ್ಟ್ ತಾನಾಗಿ ತೆರೆದುಕೊಳ್ಳುತ್ತದೆ. ಮುಂದಿನ ಕೆಲಸಗಳಿಗೆ ‘ವಿ’ಯಂಥ ಕೊನೆಯ ಕಡೆಯ ಅಕ್ಷರ ಕೊಟ್ಟುಬಿಡಿ, ಪೆನ್‌ಡ್ರೈವ್‌ಗಳು ಅಲ್ಲಿಯವರೆಗೆ ಬರುವುದು ಅಪರೂಪ. ಫೋಲ್ಡರ್ ಹೆಸರನ್ನೇ ಬದಲಿಸಿದ್ದರೆ ‘ಲಿಂಕ್ ಮೀಡಿಯಾ’ದಲ್ಲಿ ಒಂದು ಕ್ಲಿಪ್ ತೋರಿಸಿ. ‘ರೀಲಿಂಕ್ ಅದರ್ಸ್ ಆಟೊಮ್ಯಾಟಿಕಲಿ’ಗೆ ಟಿಕ್ ಇದ್ದರೆ ಅದೇ ಫೋಲ್ಡರ್‌ನ ಉಳಿದವು ಹಿಂದೆಯೇ ಬರುತ್ತವೆ.

ಕಾರವಾರದ ಓದುಗರು: ಮದುವೆಯೊಂದರ ಮೂರು ಕ್ಯಾಮೆರಾಗಳ 4ಕೆ ವಿಡಿಯೊ ಹಾರ್ಡ್ ಡಿಸ್ಕ್‌ನಲ್ಲಿದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಒಂದು ಕ್ಯಾಮೆರಾ ಸಲೀಸಾಗಿ ಓಡುತ್ತದೆ, ಮೂರನ್ನೂ ಒಟ್ಟಿಗೆ ಹಾಕಿದರೆ ತಡವರಿಸುತ್ತದೆ. ಹೊಸ ಡಿಸ್ಕ್ ಕೊಳ್ಳಲೇ?

ದುಡ್ಡು ಖರ್ಚು ಮಾಡುವ ಮೊದಲು ಕೇಬಲ್ ನೋಡಿ. ಡಿಸ್ಕ್ ಕಡೆಯ ತುದಿ ಅಗಲವಾಗಿ, ನಡುವೆ ಕಚ್ಚು ಇದ್ದು ಎರಡು ಭಾಗವಾಗಿದ್ದರೆ ಅದು ಯುಎಸ್‌ಬಿ 3. ಹಳೆಯ ಮೊಬೈಲ್ ಚಾರ್ಜರಿನ ಸಣ್ಣ ಪಿನ್ನೂ ಆ ತೂತಿನ ದೊಡ್ಡ ಭಾಗದಲ್ಲಿ ಕೂರುತ್ತದೆ, ಡಿಸ್ಕ್ ಕೆಲಸವನ್ನೂ ಮಾಡುತ್ತದೆ, ಆದರೆ ಯುಎಸ್‌ಬಿ 2ರ ವೇಗದಲ್ಲಿ. ಟೈಪ್-ಸಿ ಕೇಬಲ್ ನೋಟಕ್ಕೆ ಗುಟ್ಟು ಬಿಡುವುದಿಲ್ಲ. ಚಾರ್ಜರ್ ಜತೆ ಬಂದವು ಹೆಚ್ಚಾಗಿ ಯುಎಸ್‌ಬಿ 2.

ಈಗ ಲೆಕ್ಕ. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್ ಸೇರಿ ಒಂದು ಬೈಟ್) 4ಕೆ ವಿಡಿಯೊಗೆ ಸೆಕೆಂಡಿಗೆ 12.5 ಎಂಬಿ (ಮೆಗಾಬೈಟ್) ಬೇಕು, ಮೂರಕ್ಕೆ 37.5. ಯುಎಸ್‌ಬಿ 2 ನಿಜದಲ್ಲಿ ಕೊಡುವುದು 35ರಿಂದ 40 ಎಂಬಿ. ಒಂದು ಓಡಿ ಮೂರು ಎಡವುವುದು ಇದಕ್ಕೇ. ಒಂದು 10 ಜಿಬಿ ಫೈಲನ್ನು ಡಿಸ್ಕ್‌ನಿಂದ ಕಂಪ್ಯೂಟರಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ. ವೇಗ 40ರ ಆಸುಪಾಸಿನಲ್ಲೇ ನಿಂತರೆ ಕೇಬಲ್ ಅಥವಾ ಪೋರ್ಟ್ ಬದಲಿಸಿ. 100 ದಾಟಿದರೆ ದಾರಿ ಸರಿಯಿದೆ. ಆಗಲೂ ತಡವರಿಸಿದರೆ ಮೂರೂ ಕ್ಲಿಪ್‌ಗಳನ್ನು ಎಸ್‌ಎಸ್‌ಡಿಗೆ ಹಾಕಿ ಓಡಿಸಿ. ಅಲ್ಲಿ ಸಲೀಸಾದರೆ, ಮೂರು ಫೈಲ್‌ಗಳ ನಡುವೆ ಡಿಸ್ಕ್‌ನ ಓದುವ ಮುಳ್ಳು ಓಡಾಡಿ ಸುಸ್ತಾಗುತ್ತಿದೆ ಎಂದರ್ಥ. ಅಲ್ಲೂ ತಡವರಿಸಿದರೆ ಡಿಸ್ಕ್ ನಿರಪರಾಧಿ, ಪ್ರೊಸೆಸರ್‌ಗೆ ಎಚ್.264 ವಿಧಾನದಲ್ಲಿ ಕುಗ್ಗಿಸಿದ ವಿಡಿಯೊ ಬಿಡಿಸುವುದು ಭಾರವಾಗಿದೆ. ಎರಡಕ್ಕೂ ಮದ್ದು ಒಂದೇ: ಕ್ಲಿಪ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ‘ಜನರೇಟ್ ಪ್ರಾಕ್ಸಿ ಮೀಡಿಯಾ’. ಅಳತೆ ಕಾಲುಭಾಗ ಸಾಕು, ಪ್ರಾಕ್ಸಿಗಳು (ಎಡಿಟಿಂಗಿಗೆಂದು ಮಾಡಿದ ಹಗುರ ನಕಲುಗಳು) ಎಸ್‌ಎಸ್‌ಡಿಯಲ್ಲಿರಲಿ.

ಶಿರಸಿಯ ಓದುಗರು: ಡಿಸ್ಕ್‌ನಲ್ಲಿ 700 ಜಿಬಿ ಖಾಲಿಯಿದೆ. ಆದರೂ 6 ಜಿಬಿಯ ಒಂದು ಫೈಲ್ ಹಾಕಲು ಹೋದರೆ ‘ಫೈಲ್ ತುಂಬ ದೊಡ್ಡದು’ ಎನ್ನುತ್ತದೆ.

ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ, ಅದರಲ್ಲಿ ಒಂದೊಂದು ಫೈಲ್‌ಗೆ 4 ಜಿಬಿ ಮಿತಿ. ಇದ್ದುದನ್ನೆಲ್ಲ ಬೇರೆಡೆಗೆ ಕಾಪಿ ಮಾಡಿಕೊಂಡು ಫಾರ್ಮ್ಯಾಟ್ ಮಾಡಿ. ಬರೀ ವಿಂಡೋಸ್ ಆದರೆ ಎನ್‌ಟಿಎಫ್‌ಎಸ್. ಮ್ಯಾಕ್ ಇರುವವರಿಗೂ ಕೊಡುವುದಾದರೆ ಎಕ್ಸ್‌ಫ್ಯಾಟ್, ಯಾಕೆಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆಯೇ ಹೊರತು ಅದಕ್ಕೆ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲಿಂಗ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಿನಚರಿ, ಇಲ್ಲ. ಕಾಪಿಯ ನಡುವೆ ಕರೆಂಟ್ ಹೋದರೆ ಪೆಟ್ಟು ಹೆಚ್ಚು. ಮಳೆಗಾಲದಲ್ಲಿ ಕರೆಂಟ್ ಕಣ್ಣುಮುಚ್ಚಾಲೆಯಾಡುವ ನಿಮ್ಮ ಕಡೆ ಯುಪಿಎಸ್ ಇಲ್ಲದೆ ಈ ಸಾಹಸ ಬೇಡ.

ಅಂಕೋಲಾದ ಓದುಗರು: ಮಳೆ ಶುರುವಾದಾಗಿನಿಂದ ಎಕ್ಸ್‌ಪೋರ್ಟ್ ಮಾಡುವಾಗ ಡಿಸ್ಕ್ ತಾನಾಗಿ ಕಳಚಿಕೊಂಡು ಮತ್ತೆ ಬರುತ್ತದೆ.

ಯುಎಸ್‌ಬಿ ಹಬ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟ್‌ಗೆ ಹಾಕಿ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿ ಆ್ಯಂಪಿಯರ್, ಯುಎಸ್‌ಬಿ 3 ಕೊಡುವುದು 900. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಆ ವ್ಯತ್ಯಾಸ ತಿಳಿಯುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ.

ಆಮೇಲೆ ಕೇಬಲ್ಲಿನ ಪಿನ್ನನ್ನು ಟಾರ್ಚ್ ಹಿಡಿದು ನೋಡಿ. ಉಪ್ಪುಗಾಳಿಗೆ ಹಸಿರು ಅಥವಾ ಮಾಸಲು ಪದರ ಕಟ್ಟಿದ್ದರೆ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆತ್ತನೆಯ ಬ್ರಷ್ ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ, ದಯವಿಟ್ಟು ಬೇಡ.

ಇಷ್ಟಾದರೂ ನಿಲ್ಲದಿದ್ದರೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶದಲ್ಲಿ 05, ಸಿ5, ಸಿ6 ಸಾಲುಗಳನ್ನು (ಕೆಟ್ಟ ಜಾಗಗಳ ಲೆಕ್ಕ) ನೋಡಿ. ಅಲ್ಲಿ ಸೊನ್ನೆಗಿಂತ ಹೆಚ್ಚಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಆಗ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ‘ಚೆಕ್‌ಡಿಸ್ಕ್’ ಓಡಿಸಲೇಬೇಡಿ, ಅದರ ಉಜ್ಜಾಟಕ್ಕೆ ಉಳಿದ ಜೀವವೂ ಹೋಗುತ್ತದೆ. ಮೊದಲು ಬೇಕಾದ ಫೈಲ್‌ಗಳನ್ನು ಹೊರಗೆ ತೆಗೆಯಿರಿ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಅದೂ ಬೇಡ, ಕಿತ್ತು ಪಕ್ಕಕ್ಕಿಟ್ಟು ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.