ಮಾತು ಎಲ್ಲಿಯಾದರೂ ಆಗಲಿ, ಒಪ್ಪಿಗೆ ಬರಹದಲ್ಲಿರಲಿ

ಪ್ರಶ್ನೆ: ಶಿರಸಿ ಸಮೀಪದ ಹಳ್ಳಿಯಲ್ಲಿದ್ದುಕೊಂಡೇ ಚಿತ್ರ ಬರೆದು ಜೀವನ ನಡೆಸುತ್ತಿದ್ದೇನೆ. ಮಕ್ಕಳ ಪುಸ್ತಕ, ಯಕ್ಷಗಾನ ಮೇಳದ ಪೋಸ್ಟರ್, ಗೋಕರ್ಣದ ಕಡೆಯ ಹೋಂಸ್ಟೇಗಳ ಗೋಡೆಚಿತ್ರ ಹೀಗೆ ಬಂದ ಕೆಲಸವನ್ನೆಲ್ಲ ಮಾಡುತ್ತೇನೆ. ಕೆಲವರು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುತ್ತಾರೆ, ಕೆಲವರು ಟೆಲಿಗ್ರಾಂನಲ್ಲಿ. ವಿದೇಶದ ಒಬ್ಬರು ಡಿಸ್ಕಾರ್ಡ್‌ಗೆ ಕರೆಯುತ್ತಿದ್ದಾರೆ. ಕಳೆದ ತಿಂಗಳು ಗೋಡೆಚಿತ್ರ ಅರ್ಧ ಮುಗಿದ ಮೇಲೆ ಮಾಲೀಕರು ‘ನಾವು ಹೇಳಿದ್ದು ಈ ಬಣ್ಣವಲ್ಲ’ ಎಂದರು. ಮಾತೆಲ್ಲ ಫೋನಿನಲ್ಲಿ ಆಗಿತ್ತು, ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಎಲ್ಲರನ್ನೂ ಒಂದೇ ಆ್ಯಪ್‌ಗೆ ತರಬೇಕೆಂದಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ಎಲ್ಲರನ್ನೂ ಒಂದೇ ಕಡೆ ತರುವ ಪ್ರಯತ್ನ ಬೇಡ. ಕೆಲಸ ಕೊಡುವವರು ತಮಗೆ ರೂಢಿಯಾದ ಜಾಗದಲ್ಲಿಯೇ ಮಾತಾಡುತ್ತಾರೆ. ಹೊಸ ಆ್ಯಪ್ ಹಾಕಿಕೊಳ್ಳಿ ಎಂದು ಒತ್ತಾಯಿಸಿದರೆ ಅರ್ಧದಷ್ಟು ಜನ ಉತ್ತರಿಸುವುದನ್ನೇ ಬಿಡುತ್ತಾರೆ. ನಿಮ್ಮ ಗೋಡೆಚಿತ್ರದ ಪೆಟ್ಟು ಆ್ಯಪ್‌ನಿಂದ ಬಿದ್ದದ್ದಲ್ಲ, ಬಣ್ಣದ ಒಪ್ಪಿಗೆ ಎಲ್ಲಿಯೂ ಬರಹದಲ್ಲಿ ಇಲ್ಲದ್ದರಿಂದ ಬಿದ್ದದ್ದು. ಆದ್ದರಿಂದ ಎರಡನ್ನೂ ಬೇರೆ ಮಾಡಿ: ಮಾತು ಅವರಿಗೆ ಅನುಕೂಲವಾದಲ್ಲಿ ನಡೆಯಲಿ, ಒಪ್ಪಿಗೆ ಮಾತ್ರ ನಿಮ್ಮ ಇಮೇಲ್‌ನಲ್ಲಿರಲಿ.

ಇಮೇಲ್ ಹಳೆಯದು ಎನ್ನಿಸಬಹುದು. ಆದರೆ ಒಮ್ಮೆ ನಿಮ್ಮ ಪೆಟ್ಟಿಗೆಗೆ ಬಂದ ಪತ್ರವನ್ನು ಕಳಿಸಿದವರು ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಟೆಲಿಗ್ರಾಂನಲ್ಲಿ ಹಾಗಲ್ಲ. ಇಬ್ಬರ ಖಾಸಗಿ ಮಾತುಕತೆಯಲ್ಲಿ ಯಾರು ಬೇಕಾದರೂ ಯಾವ ಸಂದೇಶವನ್ನಾದರೂ ಎರಡೂ ಕಡೆಯಿಂದ ಅಳಿಸಬಹುದು, ವರ್ಷದ ಹಿಂದಿನದಾದರೂ ಸರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದವರು ತಮ್ಮ ಸಂದೇಶವನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು, ಎರಡು ದಿನಕ್ಕಿಂತ ತುಸು ಹೆಚ್ಚು ಕಾಲ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಇದು ಗ್ರಾಹಕರ ಮೇಲಿನ ಅನುಮಾನದ ಮಾತಲ್ಲ. ಫೋನ್ ಬದಲಿಸುವಾಗ ಎಷ್ಟೋ ಜನ ಗೊತ್ತಿಲ್ಲದೆ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ನಾನೇ ಒಂದು ಮಳೆಗಾಲ ಹೊನ್ನಾವರದ ಬಸ್ ನಿಲ್ದಾಣದಲ್ಲಿ ಫೋನನ್ನು ನೀರಿಗೆ ಬೀಳಿಸಿ, ಬ್ಯಾಕಪ್ ಇಲ್ಲದೆ ಎರಡು ವರ್ಷದ ಮಾತುಕತೆಯನ್ನು ಕಳೆದುಕೊಂಡೆ. ಬಾಕಿ ಹಣ ಯಾರಿಂದ ಬರಬೇಕೆಂಬುದಕ್ಕೂ ಆಮೇಲೆ ನನಗೆ ನೆನಪೇ ಆಧಾರವಾಯಿತು.

ಇನ್ನು ಮುಂದೆ ಫೋನ್ ಇಟ್ಟ ಐದು ನಿಮಿಷದಲ್ಲಿ ಹೀಗೆ ಬರೆದು ಕಳಿಸಿ: ‘ಈಗ ಮಾತಾಡಿದಂತೆ, ಪಡಸಾಲೆಯ ಉತ್ತರದ ಗೋಡೆ, ಎಂಟು ಅಡಿ ಅಗಲ, ಬಿಳಿ ಸುಣ್ಣದ ಮೇಲೆ ಕಾವಿಯ ಕೆಂಪು. ಜೊತೆಗೆ ಬಣ್ಣದ ಮಾದರಿಯ ಚಿತ್ರವಿದೆ. ಕರಡಿನಲ್ಲಿ ಎರಡು ಬಾರಿ ತಿದ್ದುಪಡಿ, ಮೂರನೆಯದಕ್ಕೆ ಬೇರೆ ಹಣ. ಮುಂಗಡ ಅರ್ಧ, ಮುಗಿದ ದಿನ ಉಳಿದರ್ಧ. ಸರಿಯಿದ್ದರೆ ಒಪ್ಪಿದೆ ಎಂದು ಉತ್ತರಿಸಿ.’ ಆ ಉತ್ತರ ಬರುವ ತನಕ ಕುಂಚವನ್ನು ಬಣ್ಣಕ್ಕೆ ಅದ್ದಬೇಡಿ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಕೆಮ್ಮಣ್ಣಿನ ಆ ಕೆಂಪನ್ನು ಒಬ್ಬರು ಇಟ್ಟಿಗೆ ಬಣ್ಣ ಎನ್ನುತ್ತಾರೆ, ಇನ್ನೊಬ್ಬರು ಕಂದು ಎನ್ನುತ್ತಾರೆ. ಬಣ್ಣದ ವಿಷಯದಲ್ಲಿ ಬಾಯಿಮಾತು ಸಾಲುವುದಿಲ್ಲ. ಇಮೇಲ್ ನೋಡದ ಗ್ರಾಹಕರಾದರೆ ಇದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಉತ್ತರ ಪಡೆಯಿರಿ. ಆಮೇಲೆ ಆ ಮಾತುಕತೆಯನ್ನು ‘ಎಕ್ಸ್‌ಪೋರ್ಟ್’ ಮಾಡಿ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ.

ಕರಾರು ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಅಸಿಂಧುವಾಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಇದನ್ನು ಹೇಳುತ್ತದೆ. ಇದಕ್ಕಿಂತ ಮುಖ್ಯವಾದದ್ದು 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಕಲಮು. ಬಹಳ ಕಲಾವಿದರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ ಆಗುತ್ತದೆ. ನೀವು ಸುಮ್ಮನಿದ್ದರೆ ನಿಮ್ಮ ಚಿತ್ರ ನಾಳೆ ಅವರ ಟೀ ಶರ್ಟಿನ ಮೇಲೆ, ಕ್ಯಾಲೆಂಡರಿನ ಮೇಲೆ ಬಂದರೂ ಕೇಳುವುದು ಕಷ್ಟ. ಮೊದಲ ಪತ್ರದಲ್ಲಿಯೇ ಒಂದು ಸಾಲು ಸೇರಿಸಿ: ‘ಕೃತಿಸ್ವಾಮ್ಯ ಕಲಾವಿದರಲ್ಲಿಯೇ ಉಳಿಯುತ್ತದೆ, ಈ ಪುಸ್ತಕದ ಈ ಮುದ್ರಣಕ್ಕೆ ಮಾತ್ರ ಬಳಸಬಹುದು.’ ಹಕ್ಕನ್ನು ಪೂರ್ತಿ ಬಿಟ್ಟುಕೊಡುವುದಾದರೆ ಅದಕ್ಕೆ ಸಹಿಯುಳ್ಳ ಬರಹವೇ ಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಕಾಯ್ದೆ ಭಾವಿಸುತ್ತದೆ.

ಡಿಸ್ಕಾರ್ಡ್‌ಗೆ ಹೆದರದೆ ಹೋಗಿ. ಕರಡು ಚಿತ್ರಕ್ಕೊಂದು, ಬಣ್ಣಕ್ಕೊಂದು, ಹಣಕಾಸಿಗೊಂದು ಎಂದು ಚಾನೆಲ್ ಮಾಡಿಕೊಂಡರೆ ಹುಡುಕಾಟ ತಪ್ಪುತ್ತದೆ. ಉಚಿತ ಖಾತೆಯಲ್ಲಿ ಒಂದು ಕಡತಕ್ಕೆ 10 ಎಂಬಿ ಮಿತಿ ಇದೆ, ಅಷ್ಟೇ. ಸಿಗ್ನಲ್ ಎಂಬ ಆ್ಯಪ್ ಗೋಪ್ಯತೆಗೆ ಬಹಳ ಒಳ್ಳೆಯದು. ಆದರೆ ತಾನಾಗಿ ಅಳಿಯುವ ಸಂದೇಶದ ವ್ಯವಸ್ಥೆಯನ್ನು ಎದುರಿನವರು ಹಾಕಿದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಕಾರವಾರದವಳು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪೋಸ್ಟರ್ ಮುದ್ರಣದಲ್ಲಿ ಮಸುಕಾಗಿ ಬಂತು. ಟೆಲಿಗ್ರಾಂಗೆ ಬದಲಾಯಿಸಬೇಕೇ?

ಉತ್ತರ: ಬದಲಾಯಿಸುವ ಅಗತ್ಯವಿಲ್ಲ. ಫೋಟೊ ಎಂದು ಕಳಿಸಿದಾಗ ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ. ಸಾಮಾನ್ಯವಾಗಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂದು ಲೆಕ್ಕ ಹಾಕಿ: ಅದು ಐದೂವರೆ ಇಂಚು ದಾಟುವುದಿಲ್ಲ. ಎ3 ಪೋಸ್ಟರಿಗೆ ಉದ್ದದ ಬದಿಯಲ್ಲಿ 4961 ಪಿಕ್ಸೆಲ್ ಬೇಕು. ಅದೇ ಕಡತವನ್ನು ‘ಡಾಕ್ಯುಮೆಂಟ್’ ಎಂದು ಆಯ್ದು ಕಳಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ. 2 ಜಿಬಿವರೆಗೂ ಹೋಗುತ್ತದೆ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಅದು ಡ್ರೈವ್ ಕೊಂಡಿಯಾಗುತ್ತದೆ. ಆ ಕೊಂಡಿ ತೆರೆಯಲು ಮುದ್ರಕರಿಗೆ ಅನುಮತಿ ಕೊಟ್ಟಿದ್ದೀರಾ ನೋಡಿ. ಘಟ್ಟದ ಮೇಲಿನವರಾದರೆ, ಜೂನ್ ಬಂತೆಂದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಕೊನೆಯ ದಿನದ ತನಕ ದೊಡ್ಡ ಕಡತವನ್ನು ಇಟ್ಟುಕೊಂಡು ಕೂರಬೇಡಿ.

ಈ ಕುಗ್ಗಿಸುವ ಗುಣವನ್ನೇ ನಿಮ್ಮ ಉಪಯೋಗಕ್ಕೆ ಬಳಸಿಕೊಳ್ಳಬಹುದು. ಒಪ್ಪಿಗೆಗಾಗಿ ಕಳಿಸುವ ಕರಡನ್ನು ಫೋಟೊ ಆಗಿಯೇ ಕಳಿಸಿ. ನೋಡಲು ಸಾಕು, ದೊಡ್ಡದಾಗಿ ಮುದ್ರಿಸಲು ಸಾಲದು. ಮೂಲ ಕಡತ ಬಾಕಿ ಹಣ ಬಂದ ಮೇಲೆ ಹೋಗಲಿ.

ಪ್ರಶ್ನೆ: ಕುಮಟಾದಿಂದ ಬರೆಯುತ್ತಿದ್ದೇನೆ. ರಾತ್ರಿ ಹನ್ನೊಂದಕ್ಕೂ ‘ಎಲ್ಲಿಗೆ ಬಂತು?’ ಎಂಬ ಸಂದೇಶ ಬರುತ್ತದೆ. ಉತ್ತರಿಸದಿದ್ದರೆ ಕೆಲಸ ಕೈತಪ್ಪುವ ಭಯ.

ಉತ್ತರ: ಕೆಲಸಕ್ಕೆ ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಇದು ಉಚಿತ. ‘ಬೆಳಿಗ್ಗೆ ಹತ್ತರ ನಂತರ ಉತ್ತರಿಸುತ್ತೇನೆ’ ಎಂಬ ಸಂದೇಶ ತಾನಾಗಿ ಹೋಗುವಂತೆ ಮಾಡಬಹುದು. ‘ಮುಂಗಡ ಬಂದಿದೆ’, ‘ಕರಡು ಕಳಿಸಿದೆ’ ಎಂದು ಒಬ್ಬೊಬ್ಬರಿಗೂ ಲೇಬಲ್ ಹಚ್ಚಬಹುದು. ಜೊತೆಗೆ ಪ್ರತಿ ಶನಿವಾರ ಸಂಜೆ, ಅವರು ಕೇಳುವ ಮೊದಲೇ, ಕೆಲಸ ಎಷ್ಟಾಗಿದೆ ಎಂದು ಒಂದು ಚಿತ್ರ ಕಳಿಸಿ. ಎಲ್ಲಿಗೆ ಬಂತೆಂದು ಗೊತ್ತಿರುವವರು ರಾತ್ರಿ ಹನ್ನೊಂದಕ್ಕೆ ಕೇಳುವುದು ಅಪರೂಪ.